ಬನಾರಸ್ ಮನೆಯಿಂದ ಹೊರಟ ಮೇಳ

1930ರ ಕೊನೆಯ ಭಾಗದಲ್ಲಿ ಬನಾರಸಿನ ಒಂದು ಬಂಗಾಳಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಪ್ಯಾರಿಸ್ಸಿಗೆ ಹೊರಟಿತು. ತಾಯಿ ಹೇಮಾಂಗಿನಿ ದೇವಿ, ಮಕ್ಕಳು ಉದಯ, ರಾಜೇಂದ್ರ, ದೇವೇಂದ್ರ, ಎಲ್ಲರಿಗಿಂತ ಕಿರಿಯ ರವೀಂದ್ರ, ಚಿಕ್ಕಪ್ಪ ಕೇದಾರ ಶಂಕರ್, ಅವರ ಮಗಳು ಕನಕಲತಾ. ಇಷ್ಟು ಜನರಲ್ಲಿ ರಂಗದ ಮೇಲೆ ಕುಣಿದು ಹೊಟ್ಟೆ ಹೊರೆದವರು ಹಿರಿಯ ಮಗ ಉದಯ ಶಂಕರ್ ಒಬ್ಬರೇ. ಉಳಿದವರು ಇನ್ನು ಮೇಲೆ ಕಲಿಯಬೇಕಿತ್ತು. ಹತ್ತು ವರ್ಷದ ಆ ಕಿರಿಯನೇ ಮುಂದೆ ಸಿತಾರ್ ವಾದಕ ರವಿಶಂಕರ್ ಆದರು. ಆ ದಿನ ಅವರು ಹೊರಟದ್ದು ಅಣ್ಣನ ಮೇಳದಲ್ಲಿ ಕುಣಿಯಲು.

ಮನೆಯ ಸ್ಥಿತಿ ಅಷ್ಟಕ್ಕಷ್ಟೆ ಇತ್ತು. ತಂದೆ ಶ್ಯಾಮ ಶಂಕರ್ ಸಂಸ್ಕೃತ ಪಂಡಿತರು, ಬ್ಯಾರಿಸ್ಟರು, ರಾಜಸ್ಥಾನದ ಝಾಲಾವಾಡ ಸಂಸ್ಥಾನದಲ್ಲಿ ದಿವಾನರಾಗಿದ್ದವರು. ಆದರೆ ಅವರು ಇರುತ್ತಿದ್ದದ್ದು ವಿದೇಶದಲ್ಲಿ. ಬನಾರಸಿನ ಬಂಗಾಳಿ ಮಂದಿ ವಾಸವಿದ್ದ ತಿಲಭಾಂಡೇಶ್ವರ ಗಲ್ಲಿಯಲ್ಲಿ ಹೇಮಾಂಗಿನಿ ದೇವಿ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ತೂಗಿಸುತ್ತಿದ್ದರು. ಕೈ ಖಾಲಿಯಾದಾಗ ತಾಯಿ ಒಡವೆ ಅಡವಿಡುತ್ತಿದ್ದುದನ್ನು ರವಿಶಂಕರ್ ಎಷ್ಟೋ ವರ್ಷಗಳ ನಂತರವೂ ನೆನೆಯುತ್ತಿದ್ದರು. ಉದಯ ಶಂಕರ್‌ಗೆ ಕುಣಿತದ ಹುಚ್ಚು ಹತ್ತಿಸಿದ್ದು ಗಾಜಿಪುರದ ಬಳಿ ತಾಯಿಯ ತವರಾದ ನಸ್ರತ್‌ಪುರದಲ್ಲಿ ಕಂಡ ಮಾತಾದೀನ್ ಎಂಬ ಕುಣಿತಗಾರ. ಚರ್ಮದ ಕೆಲಸದ ಸಮುದಾಯದ ಆ ಮನುಷ್ಯನನ್ನು ಉದಯ ಶಂಕರ್ ತಮ್ಮ ಮೊದಲ ಗುರುವಿನಂತೆಯೇ ಕಂಡರು. ಆದರೂ 1920ರಲ್ಲಿ ಅವರು ಲಂಡನ್ನಿಗೆ ಹೋದದ್ದು ಚಿತ್ರಕಲೆ ಕಲಿಯಲು. ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಹುಡುಗ 1923ರಲ್ಲಿ ರಷ್ಯಾದ ಮಹಾನರ್ತಕಿ ಆನಾ ಪಾವ್ಲೋವಾ ಕಣ್ಣಿಗೆ ಬಿದ್ದ. ಆಕೆಗಾಗಿ ಎರಡು ಭಾರತೀಯ ನೃತ್ಯಗಳನ್ನು ಹೊಂದಿಸಿ, ರಾಧೆಯಾಗಿ ಆಕೆ, ಕೃಷ್ಣನಾಗಿ ತಾನು ಕುಣಿದ. ಮರುವರ್ಷವೇ ಆ ಕಂಪನಿಯಿಂದ ಹೊರಬಿದ್ದ. ಹಾಗಾಗಿ ಈ ಕಥೆಯ ಮೊದಲ ಕೊಂಬೆ ಒಡೆದದ್ದು ಪಾವ್ಲೋವಾ ಕಂಪನಿಯಿಂದಲೇ.

ತನ್ನದೇ ಮೇಳ ಕಟ್ಟುವ ಕನಸಿಗೆ ಹಣ ಹೂಡಿದ್ದು ಆಲಿಸ್ ಬೋನರ್ ಎಂಬ ಸ್ವಿಟ್ಜರ್ಲೆಂಡಿನ ಶಿಲ್ಪಿ. 1926ರಲ್ಲಿ ಜ್ಯೂರಿಕ್‌ನಲ್ಲಿ ಉದಯ ಶಂಕರ್ ಕುಣಿತ ನೋಡಿದಾಗ ಅವರಿಗೆ ಮೂವತ್ತೇಳು ವರ್ಷ. 1930ರಲ್ಲಿ ಇಬ್ಬರೂ ಕೂಡಿ ಭಾರತ ಸುತ್ತಿದರು. ಗುಡಿಗಳ ಶಿಲ್ಪ ನೋಡಿದರು, ವಾದ್ಯಗಳನ್ನು ರಾಶಿ ಹಾಕಿಕೊಂಡರು, ವೇಷಭೂಷಣಕ್ಕೆ ಬಟ್ಟೆ, ಆಭರಣ ಕೂಡಿಸಿದರು. ಹಣ, ಪತ್ರವ್ಯವಹಾರ, ಉಡುಗೆಯ ವಿನ್ಯಾಸ, ಎಲ್ಲದರಲ್ಲೂ ಆಲಿಸ್ ಕೈಯಿತ್ತು. ಜಾಹೀರಾತಿನ ಹಾಳೆಯಲ್ಲಿ ದೊಡ್ಡದಾಗಿ ಕಂಡದ್ದು ಒಂದೇ ಹೆಸರು. ಆದರೆ ಆಲಿಸ್ ಬೋನರ್ ಇಲ್ಲದಿದ್ದರೆ ಈ ಮೇಳ ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ಯಾರಿಸ್ಸಿನಲ್ಲಿ ಒಂದು ಮನೆ ಹಿಡಿದರು. ವಾಸವೂ ಅಲ್ಲೇ, ತಾಲೀಮೂ ಅಲ್ಲೇ. ಅಡುಗೆಮನೆಯಲ್ಲಿ ಹೇಮಾಂಗಿನಿ ದೇವಿಯ ಬಂಗಾಳಿ ಅಡುಗೆ, ಹಜಾರದಲ್ಲಿ ಸರೋದ್, ಸಿತಾರ್, ಎಸ್ರಾಜ್, ಕೊಳಲು, ಸಾಲಾಗಿ ಜೋಡಿಸಿದ ತಬಲಾಗಳು. ಹಿಮ್ಮೇಳದ ಮುಖ್ಯಸ್ಥ ಕಲ್ಕತ್ತೆಯ ಸರೋದ್ ವಾದಕ ತಿಮಿರ್ ಬರಣ್. ಅವರ ಜೊತೆಗೆ ವಿಷ್ಣುದಾಸ್ ಶಿರಾಲಿ, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯ, ಹೆಸರಿನಲ್ಲೇ ನಮ್ಮ ಭಟ್ಕಳದ ಪಕ್ಕದ ಊರನ್ನು ಹೊತ್ತವರು. ಮುಮ್ಮೇಳದಲ್ಲಿ ಉದಯ ಶಂಕರ್ ಜೊತೆ ನಾಯಕಿಯಾಗಿ ಸಿಮ್ಕಿ. ಈಕೆಯ ನಿಜನಾಮ ಸಿಮೋನ್ ಬಾರ್ಬಿಯೆ. ಪಿಯಾನೊ ನುಡಿಸುತ್ತಿದ್ದ ಫ್ರೆಂಚ್ ಹುಡುಗಿ. ರಂಗದ ಮೇಲೆ ಸೀರೆಯುಟ್ಟು ನಿಂತರೆ ಆಕೆ ಪರದೇಶದವಳೆಂದು ಹೇಳಲು ಬರುತ್ತಿರಲಿಲ್ಲ. 1931ರ ಮಾರ್ಚ್ 3ರಂದು ಪ್ಯಾರಿಸ್ಸಿನ ತೇಆತ್ರ್ ದೆ ಶಾಂಜ್ ಎಲಿಜೆಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಅದೇ ವರ್ಷ ಪ್ಯಾರಿಸ್ಸಿನ ವಸಾಹತು ಪ್ರದರ್ಶನಕ್ಕೆ ತಂದೆಯೊಡನೆ ಬಂದಿದ್ದ ಅಮಲಾ ನಂದಿ ಎಂಬ ಹನ್ನೊಂದರ ಹುಡುಗಿಯೂ ಮೇಳ ಸೇರಿದಳು. 1932ರ ಕೊನೆಗೆ ಸೋಲ್ ಹ್ಯೂರಾಕ್ ಎಂಬ ಪ್ರಸಿದ್ಧ ವ್ಯವಸ್ಥಾಪಕ ಮೇಳವನ್ನು ಅಮೆರಿಕಕ್ಕೆ ಕರೆಸಿಕೊಂಡ.

ನಾಲ್ಕೂವರೆ ದಶಕದ ಮೇಲೆ ಲಂಡನ್ನಿನಲ್ಲಿ ಪಂಕ್ ಸಂಗೀತ ಎದ್ದಾಗ ಅಲ್ಲಿನ ಪತ್ರಕರ್ತರಿಗೆ ಒಂದು ಕೆಲಸ ಹತ್ತಿತು: ಯಾರು ಯಾವ ತಂಡ ಬಿಟ್ಟು ಯಾವುದನ್ನು ಸೇರಿದರು ಎಂಬ ಲೆಕ್ಕ ಇಡುವುದು. ಪೀಟ್ ಫ್ರೇಮ್ ಎಂಬ ಪತ್ರಕರ್ತ ರಾಕ್ ತಂಡಗಳಿಗೆ ವಂಶವೃಕ್ಷವನ್ನೇ ಬರೆದು ಹೆಸರಾದ. ಲಂಡನ್ ಎಸ್‌ಎಸ್ ಎಂಬ ತಂಡ ಒಂದು ಕಛೇರಿಯನ್ನೂ ಕೊಡದೆ ಚೂರಾಯಿತು. ಆದರೆ ಅಲ್ಲಿ ತಾಲೀಮಿಗೆ ಬಂದು ಹೋದವರಿಂದ ಕ್ಲಾಶ್, ಡ್ಯಾಮ್ಡ್, ಜನರೇಶನ್ ಎಕ್ಸ್ ತಂಡಗಳು ಹುಟ್ಟಿದವು. ಸೆಕ್ಸ್ ಪಿಸ್ಟಲ್ಸ್ ಬಿಟ್ಟ ಜಾನ್ ಲೈಡನ್ 1978ರಲ್ಲಿ ಪಬ್ಲಿಕ್ ಇಮೇಜ್ ಲಿಮಿಟೆಡ್ ಕಟ್ಟಿದ. 1980ರಲ್ಲಿ ಆಡಂ ಆಂಟ್‌ನ ಹುಡುಗರು ನಾಯಕನನ್ನು ಅಲ್ಲೇ ಬಿಟ್ಟು ಬೌ ವೌ ವೌ ಆದರು. ಕಂಪನಿ ನಾಟಕ ಕಂಡ ನಮ್ಮವರಿಗೆ ಇದೇನೂ ಹೊಸ ಮಾತಲ್ಲ. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಮುಂದೆ ಕೂಡಿಕೊಂಡು ತಮ್ಮದೇ ಕಲಾವಿದರ ಸಂಘ ಕಟ್ಟಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಉದಯ ಶಂಕರ್ ಮೇಳಕ್ಕೂ ಅಂಥದೊಂದು ವಂಶವೃಕ್ಷ ಬರೆಯಬೇಕು. ಬರೆದರೆ ಅದರಲ್ಲಿ ಹಿಂದಿ ಸಿನಿಮಾ, ಆಕಾಶವಾಣಿ, ಕಮ್ಯುನಿಸ್ಟ್ ಚಳವಳಿ, ದೆಹಲಿಯ ಕಲಾಕೇಂದ್ರಗಳು, ಕೊನೆಗೆ ಬ್ರಿಟನ್ನಿನ ಕ್ಲಬ್ಬುಗಳೂ ಬಂದು ಕೂರುತ್ತವೆ. ಈ ಮೇಳದ ಬಹುಪಾಲು ಸಾಧನೆ ಅದನ್ನು ಬಿಟ್ಟು ಹೋದವರ ಕೈಯಿಂದ ಆಗಿದೆ. ನಮ್ಮ ಕಲಾ ಇತಿಹಾಸ ಮಾತ್ರ ನಾಯಕನ ಹೆಸರಿನಲ್ಲೇ ನಿಂತುಬಿಟ್ಟಿದೆ.

ದೊಡ್ಡ ತಲೆಗಳಲ್ಲಿ ಮೊದಲು ಹೊರಟವರು ತಿಮಿರ್ ಬರಣ್. ಕಲ್ಕತ್ತೆಗೆ ಮರಳಿ ನ್ಯೂ ಥಿಯೇಟರ್ಸ್ ಸೇರಿದರು. 1935ರ ‘ದೇವದಾಸ್’ ಚಿತ್ರದ ಸಂಗೀತದಲ್ಲಿ ಅವರ ಹೆಸರಿದೆ. ಯುರೋಪಿನಲ್ಲಿ ವಾದ್ಯವೃಂದ ನಡೆಸಿದ ಕೈ ಭಾರತದ ಮಾತಿನ ಚಿತ್ರಗಳಿಗೆ ಅಷ್ಟು ಬೇಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಅವರ ಜಾಗಕ್ಕೆ ಶಿರಾಲಿ ಬಂದರು. ಆಮೇಲೆ ಹೊರಟವರು ಆಲಿಸ್ ಬೋನರ್. ಅವರ ಹೊರಡುವಿಕೆಯಲ್ಲಿ ಜಗಳದ ಸದ್ದಿಲ್ಲ, ಹೊಸ ಕಂಪನಿಯ ಆಸೆಯೂ ಇರಲಿಲ್ಲ. 1936ರಲ್ಲಿ ಬನಾರಸಿಗೆ ಬಂದು ಅಸ್ಸೀ ಘಾಟಿನ ಮೇಲಿನ ಮನೆಯೊಂದರಲ್ಲಿ ನೆಲೆ ನಿಂತವರು ನಾಲ್ಕು ದಶಕ ಅಲ್ಲಿಯೇ ಉಳಿದರು. ಕುಣಿಯುವ ದೇಹ ರಂಗದ ಮೇಲೆ ಯಾವ ರೇಖೆಗಳಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದ ಕಣ್ಣು ಈಗ ಗುಹಾಲಯಗಳ ಶಿಲ್ಪಗಳತ್ತ ತಿರುಗಿತು. ಹಿಂದೂ ಶಿಲ್ಪದ ಸಂಯೋಜನೆಯ ತತ್ವಗಳ ಬಗ್ಗೆ 1962ರಲ್ಲಿ ಬಂದ ಅವರ ಗ್ರಂಥ, ಒರಿಸ್ಸಾದ ಸದಾಶಿವ ರಥ ಶರ್ಮರ ಜೊತೆ ಸಂಪಾದಿಸಿದ ‘ಶಿಲ್ಪ ಪ್ರಕಾಶ’, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭಾರತ ಕಲಾ ಭವನದಲ್ಲಿ ಅವರ ಹೆಸರಿನ ಗ್ಯಾಲರಿ, ಇವು ಆ ಬಿಡುಗಡೆಯ ಫಲ. ವಂಶವೃಕ್ಷದಲ್ಲಿ ಈ ಕೊಂಬೆಯನ್ನೂ ಎಳೆಯಲೇಬೇಕು.

1935ರಲ್ಲಿ ಮೇಳಕ್ಕೆ ಒಬ್ಬ ಅತಿಥಿ ಬಂದರು. ಮೈಹರ್ ಸಂಸ್ಥಾನದ ಆಸ್ಥಾನ ವಿದ್ವಾಂಸ ಅಲ್ಲಾವುದ್ದೀನ್ ಖಾನ್, ಎಲ್ಲರ ಬಾಬಾ. ಮಹಾರಾಜರಿಂದ ರಜೆ ಕೇಳಿ ಉದಯ ಶಂಕರ್ ಬಾಬಾರನ್ನು ಯುರೋಪಿಗೆ ಕರೆದೊಯ್ದರು. ಹಡಗು ಹತ್ತುವ ಮುನ್ನ ಬೊಂಬಾಯಿಯ ಹಡಗುಕಟ್ಟೆಯಲ್ಲಿ ನಡೆದದ್ದನ್ನು ರವಿಶಂಕರ್ ಜೀವಮಾನವಿಡೀ ಹೇಳುತ್ತಿದ್ದರು. ಹೇಮಾಂಗಿನಿ ದೇವಿ ಈ ಸಲ ಜೊತೆಗೆ ಹೋಗುತ್ತಿರಲಿಲ್ಲ. ಕಿರಿಯ ಮಗನ ಕೈ ಹಿಡಿದು ಬಾಬಾರ ಕೈಯಲ್ಲಿಟ್ಟು, ಇವನನ್ನು ನಿಮ್ಮ ಮಗನಂತೆ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಬಾಬಾ ಅತ್ತರು, ತಾಯಿಯೂ ಅತ್ತರು. ತಾಯಿ, ಮಗ ಮತ್ತೆ ಒಬ್ಬರ ಮುಖ ಒಬ್ಬರು ಕಾಣಲಿಲ್ಲ. ಮರುವರ್ಷ ಮೇಳ ಹೊರಗಿದ್ದಾಗಲೇ ಹೇಮಾಂಗಿನಿ ದೇವಿ ತೀರಿಕೊಂಡರು.

ಬಾಬಾ ಕೋಪಿಷ್ಠರು. ಹದಿನೈದರ ರವಿಗೆ ಆಗ ಒಳ್ಳೆಯ ಬಟ್ಟೆ, ಚಪ್ಪಾಳೆ, ಯುರೋಪಿನ ಹೋಟೆಲುಗಳು ಅಭ್ಯಾಸವಾಗಿದ್ದವು. ‘ಚಿತ್ರಸೇನ’ ಎಂಬ ಏಕವ್ಯಕ್ತಿ ನೃತ್ಯದಿಂದ ಹೆಸರೂ ಬರುತ್ತಿತ್ತು. ಎಲ್ಲದಕ್ಕೂ ಕೈ ಹಾಕಿ ಯಾವುದರಲ್ಲೂ ನಿಲ್ಲದವನೆಂದು ಬಾಬಾ ಬೈದರು. ಸಂಗೀತ ಬೇಕಿದ್ದರೆ ಎಲ್ಲ ಬಿಟ್ಟು ಮೈಹರ್‌ಗೆ ಬಾ ಎಂದರು. 1938ರಲ್ಲಿ ಹುಡುಗ ಹಾಗೆಯೇ ಮಾಡಿದ. ಉಪನಯನ ಮುಗಿಸಿ, ಬೋಳಿಸಿದ ತಲೆ, ಒರಟು ಬಟ್ಟೆಯಲ್ಲಿ ಗುರುವಿನ ಮನೆ ಸೇರಿದ. ಆ ಊರಿನಲ್ಲಿ ಬಾಬಾ ಕಟ್ಟಿದ್ದ ಇನ್ನೊಂದು ಮೇಳವಿತ್ತು. ಸಾಂಕ್ರಾಮಿಕ ರೋಗದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಕೂಡಿಸಿ ವಾದ್ಯ ಕಲಿಸಿ ಅವರು ಮೈಹರ್ ಬ್ಯಾಂಡ್ ಮಾಡಿದ್ದರು. ಹಳೆಯ ಕೋವಿಗಳ ನಳಿಕೆಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಸಾಲಾಗಿಟ್ಟು ಸುತ್ತಿಗೆಯಿಂದ ನುಡಿಸುವ ನಳತರಂಗ ಅವರದೇ ಕಲ್ಪನೆ. ದೊಡ್ಡ ವಾದ್ಯವೃಂದ ನಡೆಸುವುದನ್ನು ರವಿಶಂಕರ್ ಅಣ್ಣನಿಂದಷ್ಟೇ ಕಲಿಯಲಿಲ್ಲ, ಅನಾಥ ಮಕ್ಕಳ ಆ ಬ್ಯಾಂಡ್‌ನ ಪಕ್ಕದಲ್ಲಿ ಕುಳಿತೂ ಕಲಿತರು.

ಅದೇ 1938ರಲ್ಲಿ ಉದಯ ಶಂಕರ್ ಮೇಳವನ್ನು ವಿಸರ್ಜಿಸಿದರು. ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ನ ಎಲ್ಮ್‌ಹರ್ಸ್ಟ್ ದಂಪತಿಯ ನೆರವಿನಿಂದ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಕಲಾಕೇಂದ್ರ ತೆರೆದರು. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಬಾಬಾ. ಉದಯ ಶಂಕರ್ ತಾವೇ ತೆಗೆದುಕೊಳ್ಳುತ್ತಿದ್ದ ತರಗತಿಯಲ್ಲಿ ಮುದ್ರೆಗಳಿಗಿಂತ ನಡಿಗೆ ಮುಖ್ಯ. ತಾಳಕ್ಕೆ ಸರಿಯಾಗಿ ವೃತ್ತದಲ್ಲಿ ನಡೆಯಬೇಕು, ಎದುರಿನವರ ಮೈಯನ್ನು ಗಮನಿಸಬೇಕು, ಕೊಟ್ಟ ಸಂಗತಿಗೆ ತಕ್ಷಣ ಚಲನೆ ಹುಟ್ಟಿಸಬೇಕು. ದೊಡ್ಡ ಪರದೆಯ ಹಿಂದೆ ಬೆಳಕಿಟ್ಟು ಆಡಿದ ‘ರಾಮಲೀಲಾ’ ನೆರಳಾಟ ನೋಡಲು ಬೆಟ್ಟದ ಹಳ್ಳಿಗಳಿಂದ ಜನ ನೆರೆಯುತ್ತಿದ್ದರು. ಶಾಂತಿ ಬರ್ಧನ್, ನರೇಂದ್ರ ಶರ್ಮಾ, ಸಚಿನ್ ಶಂಕರ್, ಪ್ರಭಾತ್ ಗಂಗೂಲಿ, ಝೋಹ್ರಾ ಮತ್ತು ಉಜ್ರಾ ಸೋದರಿಯರು, ಮದರಾಸಿನಿಂದ ಬಂದ ಲಕ್ಷ್ಮಿ ಶಾಸ್ತ್ರಿ ಅಲ್ಲಿದ್ದರು. ಲಕ್ಷ್ಮಿ ಮುಂದೆ ರಾಜೇಂದ್ರರನ್ನು ಮದುವೆಯಾಗಿ ಗಾಯಕಿ ಲಕ್ಷ್ಮಿ ಶಂಕರ್ ಆದರು. ಇಷ್ಟು ವರ್ಷ ಮೇಳವೆಂದರೆ ಬನಾರಸಿನ ಒಂದು ಕೂಡುಕುಟುಂಬವಾಗಿತ್ತು. ಅಲ್ಮೋರಾದಲ್ಲಿ ಅದು ಶಾಲೆಯಾಯಿತು.

ಆ ಶಾಲೆಗೆ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗನೊಬ್ಬನೂ ಸೇರಿದ. ವಸಂತಕುಮಾರ ಶಿವಶಂಕರ ಪಡುಕೋಣೆ, ಅಂದರೆ ಗುರುದತ್ತ. ಕಲ್ಕತ್ತೆಯಲ್ಲಿದ್ದ ಚಿತ್ರಕಾರ ಮಾವ ಬಿ.ಬಿ. ಬೆನೆಗಲ್ ಅವರ ಹಾವಿನ ಚಿತ್ರವೊಂದನ್ನು ನೋಡಿ ನೃತ್ಯ ಕಟ್ಟಿದ್ದವನನ್ನು ಆ ಮಾವನೇ ಉದಯ ಶಂಕರ್ ಬಳಿ ಕರೆದೊಯ್ದರು. ತಾಯಿ ವಾಸಂತಿ ಪಡುಕೋಣೆ ‘ನನ್ನ ಮಗ ಗುರುದತ್ತ’ ಎಂದು ಕನ್ನಡದಲ್ಲಿ ಪುಸ್ತಕ ಬರೆದದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ಕೇಂದ್ರ ಮುಚ್ಚಿದ ಮೇಲೆ ಗುರುದತ್ತ ಪುಣೆಯ ಪ್ರಭಾತ್ ಕಂಪನಿ ಸೇರಿದ. 1946ರ ‘ಹಮ್ ಏಕ್ ಹೈಂ’ ಚಿತ್ರಕ್ಕೆ ನೃತ್ಯ ಹೊಂದಿಸಿದ. ದೇವಾನಂದ್ ನಾಯಕನಾದ ಮೊದಲ ಚಿತ್ರ ಅದು. 1951ರಲ್ಲಿ ದೇವಾನಂದ್ ಕಂಪನಿಗೆ ‘ಬಾಜಿ’ ನಿರ್ದೇಶಿಸಿದಾಗ ನೃತ್ಯಕ್ಕೆ ಕರೆದದ್ದು ಅಲ್ಮೋರಾದ ಝೋಹ್ರಾರನ್ನು. ಗುರುದತ್ತ ಚಿತ್ರಗಳ ಹಾಡುಗಳಲ್ಲಿ ಬೆಳಕಿನ ಕೋಲು, ನೆರಳಿನಲ್ಲಿ ನಿಂತ ದೇಹ, ನಡಿಗೆಯೇ ತಾಳವಾಗುವ ಬಗೆ ಕಂಡಾಗಲೆಲ್ಲ ನನಗೆ ಅಲ್ಮೋರಾದ ಪರದೆ ಮತ್ತು ಆ ವೃತ್ತಾಕಾರದ ನಡಿಗೆ ನೆನಪಾಗುತ್ತವೆ. ಸಿನಿಮಾ ವಿಮರ್ಶಕರು ಈ ಜಾಡನ್ನು ಇನ್ನಷ್ಟು ಹಿಡಿದು ಹೋಗಬೇಕಿತ್ತು.

1944ರ ಹೊತ್ತಿಗೆ ಅಲ್ಮೋರಾ ಮುಚ್ಚಿತು. ಯುದ್ಧದ ಕಾಲ, ಹಣದ ಮುಗ್ಗಟ್ಟು. ಉದಯ ಶಂಕರ್ ಮನಸ್ಸು ಆಗಲೇ ಸಿನಿಮಾ ಮಾಡುವ ಕಡೆ ವಾಲಿತ್ತು. ಅವರು 1942ರಲ್ಲಿ ಅಮಲಾ ನಂದಿಯನ್ನು ಮದುವೆಯಾದ ಮೇಲೆ ಮೇಳದೊಳಗಿನ ಸಂಬಂಧಗಳೂ ಮೊದಲಿನಂತೆ ಉಳಿಯಲಿಲ್ಲ. ಸಿಮ್ಕಿ ಪ್ರಭಾತ್ ಗಂಗೂಲಿಯನ್ನು ಮದುವೆಯಾಗಿ ಹೊರಟುಹೋದರು. 1951ರ ‘ಆವಾರಾ’ ಚಿತ್ರದ ಆ ಪ್ರಸಿದ್ಧ ಕನಸಿನ ದೃಶ್ಯಕ್ಕೆ ನೃತ್ಯ ಹೊಂದಿಸಿದ್ದು ಇದೇ ಸಿಮ್ಕಿ. ಝೋಹ್ರಾ ತಮ್ಮ ಪತಿ ಕಾಮೇಶ್ವರ್ ಸೆಹಗಲ್ ಜೊತೆ ಲಾಹೋರಿನಲ್ಲಿ ‘ಝೋರೇಶ್’ ಎಂಬ ನೃತ್ಯಶಾಲೆ ತೆರೆದರು, ಆಮೇಲೆ ಬೊಂಬಾಯಿಗೆ ಬಂದು ಪೃಥ್ವಿ ಥಿಯೇಟರ್ಸ್ ಸೇರಿ ವರ್ಷಗಟ್ಟಲೆ ಊರೂರು ಸುತ್ತಿದರು.

ಉಳಿದವರಲ್ಲಿ ಹಲವರನ್ನು ಒಂದುಗೂಡಿಸಿದ್ದು ಬಂಗಾಳದ ಬರ. 1943ರಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತ ಮೇಲೆ ಕಲಾವಿದರಿಗೆ ಕೃಷ್ಣಲೀಲೆ, ಶಿವತಾಂಡವ ಸಾಲದಾಯಿತು. ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್, ಇಪ್ಟಾ, ಬೊಂಬಾಯಿಯ ಅಂಧೇರಿಯಲ್ಲಿ ತನ್ನ ಕೇಂದ್ರ ತಂಡ ಕಟ್ಟಿತು. ಅಲ್ಲಿ ನೃತ್ಯದ ಹೊಣೆ ಶಾಂತಿ ಬರ್ಧನ್‌ಗೆ. ರವಿಶಂಕರ್ ಕೂಡ 1945ರಲ್ಲಿ ಬಂದು ಸಂಗೀತ ವಹಿಸಿಕೊಂಡರು. ಇಂದು ಶಾಲಾ ಮಕ್ಕಳು ಹಾಡುವ ‘ಸಾರೆ ಜಹಾಂ ಸೆ ಅಚ್ಛಾ’ ಧಾಟಿ ಅವರು ಕಟ್ಟಿದ್ದು ಆ ದಿನಗಳಲ್ಲೇ. ಒಂದೇ ಛಾವಣಿಯಡಿ ವಾಸ, ಒಂದೇ ಅಡುಗೆ, ದಿನವಿಡೀ ತಾಲೀಮು, ಪ್ಯಾರಿಸ್ಸಿನ ಆ ಮನೆಯ ಕ್ರಮವೇ ಇಲ್ಲಿ ಹೊಸ ಉದ್ದೇಶಕ್ಕೆ ಬಂದಿತ್ತು. ಆದರೆ ಕಮ್ಯುನಿಸ್ಟ್ ಪಕ್ಷದ ಹಿಡಿತ ಬಿಗಿಯಾದಂತೆ ಕಲಾವಿದರು ಕದಲಿದರು. ರವಿಶಂಕರ್, ಬರ್ಧನ್ ಮುಂತಾದವರು ಹೊರಬಂದು ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ವನ್ನು ನೃತ್ಯರೂಪಕ ಮಾಡಿದರು. 1947ರಲ್ಲಿ ದೆಹಲಿಯ ಏಷ್ಯನ್ ಸಮ್ಮೇಳನದ ಹೊತ್ತಿಗೆ ಅದು ರಂಗಕ್ಕೆ ಬಂತು.

ಕೊಂಬೆಗಳು ಮತ್ತೆ ಕವಲೊಡೆದವು. ಬರ್ಧನ್ 1952ರಲ್ಲಿ ಲಿಟಲ್ ಬ್ಯಾಲೆ ಟ್ರೂಪ್ ಕಟ್ಟಿದರು. ಮನುಷ್ಯರೇ ಸೂತ್ರದ ಬೊಂಬೆಗಳಂತೆ ಕುಣಿಯುವ ಅವರ ‘ರಾಮಾಯಣ’ ನನ್ನ ಮಟ್ಟಿಗೆ ಈ ಇಡೀ ವಂಶದ ಅತ್ಯುತ್ತಮ ಕೃತಿ. ಕ್ಷಯ ತಿಂದ ಎದೆಯಲ್ಲಿ ಅದನ್ನು ಕಟ್ಟಿದ ಬರ್ಧನ್ 1954ರಲ್ಲಿ ತೀರಿಕೊಂಡರು. ಪತ್ನಿ ಗುಲ್ ಬರ್ಧನ್ ಮತ್ತು ಪ್ರಭಾತ್ ಗಂಗೂಲಿ ತಂಡವನ್ನು ಗ್ವಾಲಿಯರ್‌ಗೆ, ಆಮೇಲೆ ಭೋಪಾಲಕ್ಕೆ ಒಯ್ದು ಉಳಿಸಿದರು. ಸಚಿನ್ ಶಂಕರ್ 1953ರಲ್ಲಿ ಬೊಂಬಾಯಿಯಲ್ಲಿ ತಮ್ಮದೇ ಬ್ಯಾಲೆ ಯೂನಿಟ್ ತೆರೆದರು. ನರೇಂದ್ರ ಶರ್ಮಾ ದೆಹಲಿಯ ಮಾಡರ್ನ್ ಸ್ಕೂಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತ 1972ರಲ್ಲಿ ‘ಭೂಮಿಕಾ’ ಶುರುಮಾಡಿದರು. ಅಲ್ಮೋರಾದಲ್ಲಿ ಕಲಿತ ಸುಂದರಿ ಶ್ರೀಧರಾಣಿ 1950ರಲ್ಲಿ ತ್ರಿವೇಣಿ ಕಲಾ ಸಂಗಮ ಆರಂಭಿಸಿದರು. ರವಿಶಂಕರ್ 1949ರಲ್ಲಿ ದೆಹಲಿ ಆಕಾಶವಾಣಿ ಸೇರಿ ವಾದ್ಯವೃಂದ ಕಟ್ಟಿದರು.

ನಾಯಕನ ಸ್ಥಿತಿ ಏನು? ಉದಯ ಶಂಕರ್ ತಮ್ಮ ಬದುಕಿನ ಗಳಿಕೆಯನ್ನೆಲ್ಲ ‘ಕಲ್ಪನಾ’ ಚಿತ್ರಕ್ಕೆ ಸುರಿದರು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾಗಿ 1948ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಸಂಗೀತ ಕೊಟ್ಟದ್ದು ಹಳೆಯ ಜೊತೆಗಾರ ಶಿರಾಲಿ. ಹಣ ಬರಲಿಲ್ಲ. ಕಲಾಕೇಂದ್ರ ಕಟ್ಟಲು ಹೆಣಗುವ ನರ್ತಕನೊಬ್ಬನ ಕಥೆ ಅದು. ಅಲ್ಮೋರಾ ಕಳೆದುಕೊಂಡವನ ನೋವು ಚೌಕಟ್ಟು ಚೌಕಟ್ಟಿನಲ್ಲೂ ಇದೆ. 2012ರಲ್ಲಿ ಆ ಚಿತ್ರವನ್ನು ದುರಸ್ತಿ ಮಾಡಿ ಕಾನ್ ಉತ್ಸವದಲ್ಲಿ ತೋರಿಸಿದಾಗ ತೊಂಬತ್ತು ದಾಟಿದ್ದ ನಾಯಕಿ ಅಮಲಾ ಶಂಕರ್ ಅಲ್ಲಿ ಹಾಜರಿದ್ದರು.

1950ರ ದಶಕದಲ್ಲಿ ಉದಯ ಶಂಕರ್ ಮತ್ತೆ ಮೇಳ ಕಟ್ಟಿ ಪರದೇಶಕ್ಕೆ ಹೋದರು. ಈ ಸಲ ಸಂಗೀತ ನಿರ್ದೇಶಕರಾಗಿ ಹೋದವರು ಕಾನ್ಪುರದ ಲಾಲಮಣಿ ಮಿಶ್ರ, ವಿಚಿತ್ರವೀಣೆಯಲ್ಲಿ ದೊಡ್ಡ ಹೆಸರು ಮಾಡಿದವರು. ಪ್ರವಾಸ ಮುಗಿದ ಕೆಲ ವರ್ಷಗಳಲ್ಲಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಮೋರಾದಲ್ಲಿ 1942ರಲ್ಲಿ ಹುಟ್ಟಿದ ಉದಯ ಶಂಕರ್ ಮಗ ಆನಂದ ಶಂಕರ್ ಸಿತಾರ್ ಕಲಿತದ್ದು ಅವರ ಬಳಿ, ಬನಾರಸಿನಲ್ಲೇ. ಜಗತ್ತಿನ ಸಿತಾರ್ ಪ್ರಿಯರೆಲ್ಲ ಚಿಕ್ಕಪ್ಪ ರವಿಶಂಕರ್ ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಮನೆಯ ಹುಡುಗ ಬೇರೆ ಗುರುವನ್ನು ಆರಿಸಿಕೊಂಡ.

ಚಿಕ್ಕಪ್ಪ, ಅಣ್ಣನ ಮಗ ಇಬ್ಬರೂ ಪಶ್ಚಿಮದ ರಾಕ್ ಸಂಗೀತಗಾರರ ಜೊತೆ ಕೂಡಿದರು, ಆದರೆ ದಾರಿ ಬೇರೆ. ರವಿಶಂಕರ್ ಬನಾರಸಿನಲ್ಲಿ ತಾಯಿಯ ಹೆಸರಿಗೆ ‘ಹೇಮಾಂಗನಾ’ ಎಂಬ ಮನೆ ಕಟ್ಟಿಸಿದರು. 1974ರಲ್ಲಿ ಜಾರ್ಜ್ ಹ್ಯಾರಿಸನ್ ಬೆಂಬಲದಿಂದ ದೊಡ್ಡ ಮೇಳವೊಂದನ್ನು ಯುರೋಪ್, ಅಮೆರಿಕಕ್ಕೆ ಒಯ್ದರು. ಅಲ್ಲಾ ರಖಾ, ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಸುಲ್ತಾನ್ ಖಾನ್, ಎಲ್. ಸುಬ್ರಹ್ಮಣ್ಯಂ, ಇವರೊಡನೆ ಅಲ್ಮೋರಾದ ಲಕ್ಷ್ಮಿ ಶಂಕರ್. ಅಣ್ಣನಿಂದ ಕಲಿತ ಮೇಳದ ಕ್ರಮವನ್ನು ತಮ್ಮ ಆ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಆದರೆ ರಾಗದ ಮೇಲೆ ರಾಕ್ ಏರಿ ಕೂರುವುದನ್ನು ಅವರು ಒಪ್ಪುತ್ತಿರಲಿಲ್ಲ.

ಆನಂದ ಶಂಕರ್‌ಗೆ ಆ ಹಿಂಜರಿಕೆ ಇರಲಿಲ್ಲ. 1960ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ಗೆ ಹೋಗಿ ಜಿಮಿ ಹೆಂಡ್ರಿಕ್ಸ್ ಮುಂತಾದವರ ಜೊತೆ ನುಡಿಸಿದರು. 1970ರ ತಮ್ಮ ಮೊದಲ ಆಲ್ಬಂನಲ್ಲಿ ರೋಲಿಂಗ್ ಸ್ಟೋನ್ಸ್ ಮತ್ತು ಡೋರ್ಸ್ ತಂಡಗಳ ಹಾಡುಗಳನ್ನು ಸಿತಾರ್, ಮೂಗ್ ಸಿಂಥಸೈಜರ್‌ಗಳಲ್ಲಿ ನುಡಿಸಿದರು. ಕಲ್ಕತ್ತೆಗೆ ಮರಳಿ ಪತ್ನಿ ತನುಶ್ರೀ ಶಂಕರ್ ಜೊತೆ ನೃತ್ಯ, ಸಂಗೀತ ಎರಡೂ ಇದ್ದ ತಂಡ ನಡೆಸಿದರು. ಅತ್ತ ತಂಗಿ ಮಮತಾ ಶಂಕರ್ ಅದೇ ನಗರದಲ್ಲಿ ತನ್ನದೇ ಬ್ಯಾಲೆ ತಂಡ ಕಟ್ಟಿದರು. ಅವರ ತಂದೆ ಉದಯ ಶಂಕರ್ 1977ರ ಸೆಪ್ಟೆಂಬರ್ 26ರಂದು ತೀರಿಕೊಂಡಿದ್ದರು.

1990ರ ದಶಕದಲ್ಲಿ ಲಂಡನ್ನಿನ ಕ್ಲಬ್ಬುಗಳ ಡಿಜೆಗಳು ಆನಂದ ಶಂಕರ್ ಅವರ ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆದರು. ಸ್ಟೇಟ್ ಆಫ್ ಬೆಂಗಾಲ್ ಎಂಬ ಹೆಸರಿನಲ್ಲಿ ಸಂಗೀತ ಮಾಡುತ್ತಿದ್ದ ಬ್ರಿಟಿಷ್ ಬಂಗಾಳಿ ಸ್ಯಾಮ್ ಜಮಾನ್ ಆನಂದ ಶಂಕರ್‌ರನ್ನು ಹುಡುಕಿಕೊಂಡು ಬಂದರು. ಕಲ್ಕತ್ತೆಯ ವಾದಕರು ಒಂದು ಕಡೆ, ಲಂಡನ್ನಿನ ಡ್ರಮ್, ಬಾಸ್ ಇನ್ನೊಂದು ಕಡೆ ಕೂತು ಹೊಸದೊಂದು ಮೇಳವಾಗಿ ಬ್ರಿಟನ್ನಿನಲ್ಲಿ ನುಡಿಸಿದರು, ಆಲ್ಬಂ ಒಂದನ್ನೂ ಧ್ವನಿಮುದ್ರಿಸಿದರು. ಅದು ಹೊರಬರುವ ಮುನ್ನ, 1999ರ ಮಾರ್ಚ್‌ನಲ್ಲಿ ಆನಂದ ಶಂಕರ್ ಕಲ್ಕತ್ತೆಯಲ್ಲಿ ನಿಧನರಾದರು. ಅವರ ತಂಡವನ್ನು ತನುಶ್ರೀ ಮುಂದಕ್ಕೆ ನಡೆಸಿದರು.